ಕೊನೆಭಾಗದ ಗದ್ದೆ

ಹಾಸನದ ದೊಡ್ಡಾಸ್ಪತ್ರೆ, ಗಂಡಸರ ವಾರ್ಡು,
ಹನ್ನೊಂದನೇ ಮಂಚ.
ಮೊಣಕಾಲ ಕೆಳಗೆ, ಮೂಳೆಯ ಮೇಲೆ
ಹೆಬ್ಬೆರಳು ಒತ್ತಿ ಐದೆಣಿಸು, ಎಂದರು ಎಮಿಲ್ಡಾ ಸಿಸ್ಟರ್.
ಒತ್ತಿದೆ. ತೆಗೆದೆ.
ಬೆರಳು ನನ್ನ ಜೊತೆ ವಾಪಸು ಬಂತು,
ಗುಂಡಿ ಅಲ್ಲೇ ಉಳಿಯಿತು,
ಕಲಸಿಟ್ಟ ಹಿಟ್ಟಿಗೆ ಮಗು ಬೆರಳೂರಿ ಓಡಿಹೋದ ಹಾಗೆ.

ಜವರಯ್ಯ. ಅರವತ್ತೆರಡು.
ಕಸುಬು ಅನ್ನುವಲ್ಲಿ ಯಾರೋ ‘ಕೂಲಿ’ ಎಂದು ಗೀಚಿದ್ದರು.
‘ಕೂಲಿ ಅಲ್ಲ ಕಣವ್ವ, ನೀರುಗಂಟಿ,’ ಅಂದ,
ಎರಡು ಮಾತಿಗೊಂದು ಉಸಿರು ಸಾಲ ತಂದು.
‘ಗೊರೂರು ಎಡದಂಡೆ. ಮೂವತ್ತೊರ್ಸ
ತೂಬು ಎತ್ತಿದೀನಿ, ಇಳಿಸಿದೀನಿ.’
ಹೊಡೆದುಹಾಕಿ ಬರೆದೆ. ಅಕ್ಷರ ದಪ್ಪಗೆ ಬಂತು.

ನನ್ನ ಪುಸ್ತಕದಲ್ಲಿ ಬರೀ ಬಾಣಗಳು.
ಹೃದಯದಿಂದೊಂದು, ಮೂತ್ರಪಿಂಡಕ್ಕೊಂದು,
ಅಲ್ಲಿಂದ ರೆನಿನ್, ಆಂಜಿಯೊಟೆನ್ಸಿನ್, ಆಲ್ಡೊಸ್ಟಿರೋನ್.
ಹಾಸ್ಟೆಲಿನ ಟ್ಯೂಬ್‌ಲೈಟಿನಡಿ ಜಪದ ಹಾಗೆ ಹೇಳಿ ಹೇಳಿ
ಬೆಳಿಗ್ಗೆ ಹಲ್ಲುಜ್ಜುವಾಗ ಅಷ್ಟನ್ನೂ ಉಗಿದುಬಿಡುತ್ತಿದ್ದೆ.
ಒಂದು ಮಾತ್ರ ಗಂಟಲಿಳಿಯದು:
ಮೈತುಂಬ ನೀರು ನಿಂತವನ ಮೂತ್ರಪಿಂಡ
ನೀರೇ ಇಲ್ಲವೆಂದು ಯಾಕೆ
ಹನಿಹನಿಯನ್ನೂ ಹಿಡಿದಿಡುತ್ತದೆ?

ರಾತ್ರಿ ಎರಡು. ಬೆನ್ನಿಗೆ ನಾಲ್ಕು ದಿಂಬು.
ಮಲಗಿದರೆ ಮುಳುಗುತ್ತಾನೆ, ಕೂತರೆ ತೇಲುತ್ತಾನೆ.
ಬೆನ್ನ ಬುಡಕ್ಕೆ ಸ್ಟೆತಸ್ಕೋಪ್ ಇಟ್ಟರೆ
ಕಿವಿಯ ಪಕ್ಕ ಕೂದಲು ತಿಕ್ಕಿದಂಥ ಸದ್ದು.
‘ಒಳಗೇನ್ ನಡೀತಾ ಅದೆ?’ ಎಂದು ಕೇಳಿದ.
ಗೊತ್ತಿದ್ದಷ್ಟು ಹೇಳಿದೆ, ಗೊತ್ತಾಗದ್ದನ್ನೂ ಹೇಳಿದೆ.
ನಕ್ಕ. ಕೆಮ್ಮಿದ. ನೊರೆ ಒರೆಸಿದೆ.

‘ಅಂಗಾರೆ ಇದು ನನ್ ನಾಲೆ ಕತೆ ಕಣವ್ವ.
ತಲೆಭಾಗದಲ್ಲಿ ನೀರು ನಿಂತು ಪೈರು ಕೊಳೀತಿರ್ತದೆ,
ಕೊನೆಭಾಗದೋನ್ಗೆ ತೊಟ್ಟಿಲ್ಲ.
ನೂಕೋ ಬಲ ಇಲ್ಲ ನೀರಿಗೆ, ಅಷ್ಟೇಯ.
ಅವನಿಗೇನ್ ಗೊತ್ತು? ಕಾಣೋದು ಅವನ ಒಣಗದ್ದೆ.
ಓಡ್ಬತ್ತಾನೆ: ಬಿಡು, ಇನ್ನೂ ಬಿಡು, ನೀರು ಬಿಡು.
ಸುಳ್ಳನಲ್ಲ ಅವನು, ಪಾಪ.
ಅವನ ಮಾತು ಕೇಳಿ ತೂಬೆತ್ತಿದೆ ಅಂತಿಟ್ಕೊ,
ತಲೆಭಾಗ ಮುಳುಗ್ತದೆ.
ಕೊನೆಭಾಗಕ್ಕೆ ಆಗಲೂ ಬರಾಕಿಲ್ಲ.’

ಬಾಣಗಳು ಆಗ ಹರಿಯತೊಡಗಿದವು.
ದಣಿದ ಹೃದಯ, ನೂಕಲಾರದ ನೀರು,
ನೆನೆದ ಶ್ವಾಸಕೋಶ, ಊದಿದ ಪಾದ,
ಎಲ್ಲಕ್ಕೂ ಕೆಳಗೆ, ಒಣಗದ್ದೆಯ ಬದುವಿನಲ್ಲಿ ನಿಂತು
ಪ್ರಾಮಾಣಿಕವಾಗಿ ಕೂಗುತ್ತಿರುವ ಮೂತ್ರಪಿಂಡ.
ಎಂದೋ ಕುಡುಗೋಲು ತಗುಲಿ ನೆತ್ತರು ಹರಿದ ದಿನ
ಇದೇ ಕೂಗು ಇವನನ್ನು ಉಳಿಸಿದ್ದೀತು.
ಮೈಗೆ ಗೊತ್ತಿದ್ದದ್ದು ಅದೊಂದೇ ಉಪಾಯ.
ಅದನ್ನೇ ಮಾಡುತ್ತಿದೆ, ಮಾಡುತ್ತ ಕೊಲ್ಲುತ್ತಿದೆ.

ಲ್ಯಾಸಿಕ್ಸ್ ಏರಿಸಿದೆ, ಮೆಲ್ಲಗೆ, ಗಡಿಯಾರ ನೋಡಿಕೊಂಡು.
ಬೆಳಗಾಗುವುದರೊಳಗೆ ಅಳತೆಯ ಪಾತ್ರೆ ಎರಡು ಸಲ ತುಂಬಿತು.
ಹಾಗೆ ಸಂಭ್ರಮದಿಂದ ಮೂತ್ರ ಅಳೆದದ್ದು ಅದೇ ಮೊದಲು.
ಮಧ್ಯಾಹ್ನ ಸೊಸೆ ತಂದ ಡಬ್ಬಿಯಿಂದ
ಉಪ್ಪಿನಕಾಯಿ ಎತ್ತಿಟ್ಟೆ.
‘ಉಪ್ಪಿಲ್ದಿರೋ ಮುದ್ದೆ ನಿಮ್ಮಪ್ಪ ತಿಂತಾನಾ?’ ಎಂದು ಬೈದ,
ಒಂದೇ ಉಸಿರಿನಲ್ಲಿ ಬೈದ!
ಅದನ್ನೂ ಚಾರ್ಟಿನಲ್ಲಿ ಬರೆಯಬೇಕೆನಿಸಿತು.

ಎಪ್ಪತ್ತೊಂದು ಕಿಲೋ. ಅರವತ್ತೊಂಬತ್ತೂವರೆ. ಅರವತ್ತೆಂಟು.
ದಿನಾ ಗುಂಡಿ ಒಂದಿಷ್ಟು ಬೇಗ ತುಂಬುತ್ತಿತ್ತು.
ಏಳನೇ ದಿನ ಕಂಪ್ಯೂಟರು ಡಿಸ್ಚಾರ್ಜ್ ಹಾಳೆ ಉಗುಳಿತು.
ಕಸುಬು: ಕೂಲಿ.
ನೋಡಿದೆ. ಮೂರೂವರೆಯ ಗೊರೂರು ಬಸ್ಸಿಗೆ ಹೊತ್ತಾಗಿತ್ತು.
ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟುಕೊಂಡ,
‘ಬತ್ತೀನವ್ವ’ ಅಂದ.
ಆಸ್ಪತ್ರೆಯಲ್ಲಿ ಹಾಗನ್ನಬಾರದು ಎಂದು ನಾನು ನಗಬೇಕಿತ್ತು.

ಪರೀಕ್ಷೆಗೆ ಹೊರಗಿನಿಂದ ಬಂದ ಮೇಡಂ
ಹೃದಯ ಸೋತಾಗ ಮೈಯಲ್ಲೇಕೆ ನೀರು ಸೇರುತ್ತದೆ ಎಂದರು.
ತಲೆಭಾಗ, ಕೊನೆಭಾಗ, ಹುಸಿಯಲ್ಲದ ಆ ತಪ್ಪು ಕೂಗು,
ನಿಲ್ಲಿಸದೆ ಹೇಳಿದೆ.
ಕನ್ನಡಕ ತೆಗೆದು ನನ್ನನ್ನೇ ನೋಡಿದರು.
‘ಚೆನ್ನಾಗಿದೆ. ಯಾರು ಹೇಳಿಕೊಟ್ಟದ್ದು?’

ಬಾಗಿಲಾಚೆ ಹನ್ನೊಂದನೇ ಮಂಚದಲ್ಲಿ ಬೇರೆ ಯಾರೋ ಕೆಮ್ಮಿದರು.
‘ನಾನೇ ಯೋಚಿಸಿದ್ದು, ಮೇಡಂ,’
ಅಂದುಬಿಟ್ಟೆ.